ಹದಿಮೂರು ಮೀನಿನ ಅಂಗಿ

ಹದಿಮೂರು ಮೀನು ಬೇಕಾಯಿತು ನನಗೆ.
ಅಜ್ಜಿಯ ಲೆಕ್ಕದಲ್ಲಿ ಒಂಬತ್ತು.
‘ನಿನ್ನ ಸೊಂಟ ನಿಮ್ಮಪ್ಪನ ಕಡೆಯದು’ ಎಂದಳು,
ಬೈಗುಳವಲ್ಲ, ಅಳತೆ.

ಸೆಪ್ಟೆಂಬರಿನಲ್ಲಿ ಅಮೂರ್ ನದಿಯನ್ನು ಏರಿ ಬಂದ ಕೇತಾ ಮೀನು.
ಮಾಂಸ ಉಪ್ಪಿಗೆ, ತಲೆ ಸಾರಿಗೆ,
ತೊಗಲು ನನಗೆ.
ಅಂಚೆ ಕಚೇರಿಯಿಂದ ಬಂದು ದಿನಾ ಕೆರೆದೆ,
ಹೀಟರಿನ ಕೊಳವೆಯ ಮೇಲೆ ಒಣಹಾಕಿದೆ,
ಮರದ ಕೊಡತಿಯಲ್ಲಿ ಬಡಿದೆ, ಬಡಿದೆ,
ಕೆಳಗಿನ ಮನೆಯ ಝೋಯಾ
ಪೊರಕೆ ಹಿಡಿದು ತನ್ನ ಚಾವಣಿ ಕುಟ್ಟುವವರೆಗೆ.
ತಗಡಿನಂತೆ ಸದ್ದು ಮಾಡುತ್ತಿದ್ದದ್ದು
ಇಪ್ಪತ್ತನೆಯ ದಿನ ಬಟ್ಟೆಯಂತೆ ಸುಮ್ಮನಾಯಿತು.

ಅಜ್ಜಿಗೆ ನಾನಾಯ್ ಮಾತು ಮರೆತಿದೆ.
ವಸತಿಶಾಲೆಯಲ್ಲಿ ಎಂಟು ಚಳಿಗಾಲ
ಅದನ್ನು ನುಂಗಿಸಿದ್ದರು;
ಮೊಣಕಾಲಿಗೆ, ಮಂಜಿಗೆ, ನಾಳೆಗೆ
ಈಗ ಅವಳಲ್ಲಿ ಇರುವುದು ರಷ್ಯನ್ ಹೆಸರೇ.
ಕತ್ತರಿ ಹಿಡಿದಳೆಂದರೆ ಮಾತ್ರ
ಗೆರೆ ಎಳೆಯುವುದಿಲ್ಲ, ಗೇಣು ಹಾಕುವುದಿಲ್ಲ,
ಮಡಿಸಿದ ಕಾಗದದೊಳಗೆ ಅಲಗು ಹೊರಳಿ ಹೊರಳಿ
ಬಿಚ್ಚಿದರೆ ಸುರುಳಿ,
ಸುರುಳಿಯ ಹೊಟ್ಟೆಯಲ್ಲಿ ಎರಡು ಹುಂಜ, ಬೆನ್ನಿಗೆ ಬೆನ್ನು.
‘ಇದಕ್ಕೇನಂತಾರೆ?’
‘ಯಾರಿಗೆ ಗೊತ್ತು. ನಮ್ಮಮ್ಮನ ಕೈ ಹೀಗೇ ತಿರುಗುತ್ತಿತ್ತು.’

ಅಂಗಿಯ ಬೆನ್ನಿಗೆ ವಂಶದ ಮರ.
ಕೊಂಬೆ ಕೊಂಬೆಗೂ ಹಕ್ಕಿ: ಇನ್ನೂ ಹುಟ್ಟದ ಮಕ್ಕಳು.
ಅದೆಲ್ಲ ಮದುವಣಗಿತ್ತಿಗೆ.
ನನಗೆ ನಲವತ್ತೊಂದು. ಮದುವೆ ಬಂದು ಹೋಗಿದೆ,
ಏನನ್ನೂ ಬಿಟ್ಟು ಹೋಗಿಲ್ಲ.
ಮೂರು ರಾತ್ರಿ ಬರಿ ಬೆನ್ನು ಮೇಜಿನ ಮೇಲೆ ಕವುಚಿ ಮಲಗಿತ್ತು.
ನಾಲ್ಕನೆಯ ರಾತ್ರಿ ಹೊಲಿದೆ, ಹನ್ನೊಂದು ಹಕ್ಕಿ.
ಯಾರ ಮಕ್ಕಳೋ. ಕೂತುಕೊಳ್ಳಲಿ.

ಗುಂಡಿಗೆ ಅಪ್ಪನ ರೈಲ್ವೆ ಕೋಟು ಬಿಚ್ಚಿದೆ.
ಹಿತ್ತಾಳೆಯವು, ನಾಲ್ಕು,
ಒಂದೊಂದರ ಮೇಲೂ ಸುತ್ತಿಗೆ, ಸ್ಪ್ಯಾನರು.
ಮ್ಯೂಸಿಯಂನವನು ಬಂದು ಕನ್ನಡಕ ಏರಿಸಿ ನೋಡಿದ:
‘ಎಲ್ಲ ಸೊಗಸು. ಗುಂಡಿಯೊಂದು ಶುದ್ಧವಲ್ಲ.
ಎಲುಬಿನದು ಹಾಕಿಕೊಡಿ, ಗಾಜಿನೊಳಗೆ ಇಡುತ್ತೇವೆ.’
ಅಜ್ಜಿ ನನ್ನನ್ನು ಹತ್ತಿರ ಎಳೆದು
ನಾಲ್ಕನ್ನೂ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.
‘ಗಾಳಿ ನುಗ್ಗುವುದಿಲ್ಲ’ ಎಂದಳು, ಅವನಿಗೆ.

ಇವತ್ತು ಉಟ್ಟು ಬಸ್ಸು ಹತ್ತಿದೆ.
ಒರಗಿದರೆ ಹಕ್ಕಿ ನಲುಗೀತೆಂದು
ಸೀಟಿನ ತುದಿಯಲ್ಲಿ ಕೂತೆ.
ಹುರುಪೆ ಕಿತ್ತ ಗುರುತು ತೋಳಿನುದ್ದಕ್ಕೂ
ತಿರುವು ತಿರುವಿಗೆ ಬಿಸಿಲು ಹಿಡಿಯುತ್ತಿತ್ತು.
ಹಿಂದಿನ ಸೀಟಿನ ಹುಡುಗ ವಾಸನೆಗೆ ಮೂಗು ಮುಚ್ಚಿಕೊಂಡ.
ಕೊಂಚ ಹೊತ್ತಿಗೆ
ನನ್ನ ಬೆನ್ನ ಮೇಲೊಂದು ಬೆರಳು,
ಒಂದು, ಎರಡು, ಮೂರು…
ನಾನು ಅಲ್ಲಾಡಲಿಲ್ಲ.
ಏಳಕ್ಕೆ ಅವನ ನಿಲ್ದಾಣ ಬಂತು.