ಐದನೇ ಬೇಸ್ ಗಿಟಾರಿನವನು

ಡ್ರಮ್ಮಿನ ಮೇಲೆ ಈಗಲೂ ‘ಪೀಬೆರಿ ಫೋರ್’.
ನಾವು ಐವರು. ಆ ನಾಲ್ವರಲ್ಲಿ ಒಬ್ಬರೂ ಇಲ್ಲ.
ಸಿಕ್ವೇರಾ ಮೂಡಿಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ.
ಧರಣೇಂದ್ರ ಜಗಳಾಡಿ ಹೋದ, ಎರಡು ಸಲ,
ಎರಡನೇ ಸಲ ಆಂಪ್ಲಿಫೈಯರ್ ಸಮೇತ.
ಖಲಂದರನ ಕಿವಿ ಹೋಯಿತು.
ನಾಲ್ಕನೆಯವನ ಹೆಸರು
ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಬೇಸಿಗೆ ನಾನು ಐದನೆಯವನು.
ಕೋಟು ಮಾತ್ರ ಮೊದಲನೆಯವನದೇ,
ತೋಳು ಎರಡಿಂಚು ಉದ್ದ,
ಒಳಜೇಬಿನಲ್ಲಿ ವಿಕ್ಸ್ ಗುಳಿಗೆಯ ಕಾಗದ.

ನಿನ್ನೆ ಚಿಕ್ಕಮಗಳೂರು ಕ್ಲಬ್ಬಿನಲ್ಲಿ
ಹಿಂದಿನ ಸಾಲಿನ ಮುದುಕಿ ಕೂಗಿದಳು:
“ಸಿಕ್ವೇರಾ, ಅದನ್ನೇ ನುಡಿಸೋ!”
ಯಾವುದನ್ನು ಅಂತ ಕೇಳಬೇಕಿತ್ತು.
ಡ್ರಮ್ಮಿನ ಹುಡುಗ, ಸೇರಿ ಹನ್ನೊಂದು ದಿನ,
ನನ್ನ ಮುಖ ನೋಡಿದ.
ತೋಳು ಮಡಚಿಕೊಂಡು
ತೋಚಿದ್ದನ್ನು ಶುರುಮಾಡಿದೆ.
ಆಕೆಯ ಕಾಲು
ಬೇರೆ ಯಾವುದಕ್ಕೋ
ತಪ್ಪದೆ ತಾಳ ಹಾಕುತ್ತಿತ್ತು.