ಜೆಟ್ಟಿನ ತೂತು

ಸಾಗರ ರಸ್ತೆಯ ಶೆಡ್ಡಿನಲ್ಲಿ ಸೆಲ್ವರಾಜ
ನನ್ನ ಹಳೇ ಮಾರುತಿಯ ಕಾರ್ಬುರೇಟರ್ ಬಿಚ್ಚಿ
ಸೀಮೆಎಣ್ಣೆಯ ಬೋಗುಣಿಗೆ ಹಾಕಿದ.
ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ:
"ಪೆಟ್ರೋಲಿಗೆ ಇಷ್ಟು ಸಾಕು ಸಾರ್,
ಎಥನಾಲಿಗೆ ಗಂಟಲು ದೊಡ್ಡದು ಬೇಕು."

ಸೂಜಿಯಂಥ ಬಿಟ್ಟು ಹಾಕಿ ಕೈಯಲ್ಲೇ ತಿರುವಿದ.
ಹಿತ್ತಾಳೆಯ ಹುಡಿ ಅಂಗೈಗೆ ಉದುರಿತು,
ಅಕ್ಕಸಾಲಿಗನ ಹಾಗೆ ಊದಿದ.
ಉಬ್ಬುತ್ತದೆಂದು ರಬ್ಬರು ಪೈಪನ್ನೂ ಕಿತ್ತ.

ಕ್ಯಾನಿನ ಮುಚ್ಚಳ ತೆರೆಯುವಾಗ ಮಾತ್ರ
ಹುಡುಗನನ್ನು ಕೂಗಿದ: "ನೀನು ಸುರಿಯೋ ದಾದಾಪೀರ."
ತಾನು ಗೇಟಿನಾಚೆ, ಮೂಗಿಗೆ ಕರ್ಚೀಫು.
ಬಿಟ್ಟು ನಾಲ್ಕು ವರ್ಷ, ಎರಡು ತಿಂಗಳು.
ವಾಸನೆಗೆ ಲೆಕ್ಕ ಗೊತ್ತಿಲ್ಲ.

ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು.

ಮಂಡಗದ್ದೆಯ ತಿರುವಿನಲ್ಲಿ ನಿಂತೇ ಹೋಯಿತು.
ಫೋನು ಮಾಡಿದರೆ ನಗುತ್ತಾನೆ:
"ಗಾಬರಿ ಬೇಡ. ಟ್ಯಾಂಕಿನ ತಳದ್ದೆಲ್ಲ ಕಿತ್ತು ತರ್ತದೆ ಅದು,
ಇಪ್ಪತ್ತು ವರ್ಷದ ಕೊಳೆ. ಫಿಲ್ಟರ್ ಕಟ್ಟಿರ್ತದೆ.
ತೊಳೀರಿ. ಮತ್ತೆ ಕಟ್ತದೆ. ಮತ್ತೆ ತೊಳೀರಿ."

ಆಮೇಲೆ, ಇಡುವ ಮುಂಚೆ, ದನಿ ತಗ್ಗಿಸಿ:
"ಬೆಳಿಗ್ಗೆ ಚಳಿಗೆ ಏಳ್ದೇ ಇದ್ರೆ
ಒಂದು ಗುಟುಕು ಪೆಟ್ರೋಲು ಕೊಡಿ ಸಾರ್.
ಅದಕ್ಕಾದ್ರೆ ಕೊಡಬಹುದು."