ಐನೂರೈವತ್ತು

ಕೋವೆಂಟ್ರಿ, ಶನಿವಾರ, ಡೆಸ್ಮಂಡನ ಅಂಗಡಿ.
ಇಳಾ ಗಾಜಿನ ಕಪಾಟು ಬಿಟ್ಟು ಕದಲಲಿಲ್ಲ,
ಬಣ್ಣ ಕಾರುವ ಫ್ಯಾನು, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು.
ನಾನು ಕೆಳಗಿನ ಹಲಗೆಯ
ಕಪ್ಪು ಡಬ್ಬಿಗಳ ಎದುರು ಮಂಡಿಯೂರಿದ್ದೆ.

ನಾನೂರೈವತ್ತು ವ್ಯಾಟೋ, ಸಾವಿರವೋ?
ಬಸ್ ಟಿಕೆಟ್ಟಿನ ಬೆನ್ನಿಗೆ ಕೂಡಿ ಬರೆದೆ:
ಪ್ರೊಸೆಸರಿಗೆ ಇಷ್ಟು, ಕಾರ್ಡಿಗೆ ಅಷ್ಟು,
ಲೆಕ್ಕಕ್ಕೆ ಸಿಗದ್ದಕ್ಕೆ ಒಂದಿಷ್ಟು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ನಮ್ಮಜ್ಜಿ.
ಇಲ್ಲಿ ತಿರುವುಮುರುವು.
ಕಾಲು ಅಳೆದು
ಅದಕ್ಕಿಂತ ಗೇಣು ಉದ್ದದ ಹಾಸಿಗೆ ಕೊಳ್ಳಬೇಕು;
ಆಟ ರಂಗೇರಿದಾಗ ಕಾರ್ಡು
ನಿದ್ದೆಗಣ್ಣಲ್ಲಿ ಒದೆಯುವ ಹಾಗೆ ಒದೆಯುತ್ತದಂತೆ.

"ಎರಡನ್ನೂ ಕೈಯಲ್ಲಿ ತೂಗಿ ನೋಡಿ," ಅಂದ ಡೆಸ್ಮಂಡ್.
ಒಂದು ಹಗುರ, ಬರೀ ಕರಟ,
ಮೈಮೇಲೆ ಮಾತ್ರ ಏಳುನೂರು ಎಂದು ಬರೆಸಿಕೊಂಡಿತ್ತು.
ಇನ್ನೊಂದು ಐನೂರೈವತ್ತೇ,
ರುಬ್ಬುಗುಂಡಿನ ಭಾರ. ಹತ್ತು ವರ್ಷದ ಗ್ಯಾರಂಟಿ.
ಬೆಲೆ, ಲಾಂಡ್ರಿಯಲ್ಲಿ ನನ್ನ ಒಂದು ರಾತ್ರಿಪಾಳಿ.

"ಅಮ್ಮಾ, ಇದು ಯಾರಿಗೂ ಕಾಣೋದೇ ಇಲ್ವಲ್ಲ,"
ಇಳಾ ಗೊಣಗಿದಳು.
ಕಾಣದಿದ್ದರೆ ಬೇಡ, ಸುಡದಿದ್ದರೆ ಸಾಕು.

ಮನೆಗೆ ಬರುವಾಗ ಮೂಲೆಯಂಗಡಿಯಲ್ಲಿ
ಮೀಟರಿನ ಕೀಲಿಗೆ ಹತ್ತು ಪೌಂಡ್ ತುಂಬಿಸಿದೆವು.
ಸ್ವಿಚ್ಚು ಒತ್ತಿದವಳು ಅವಳೇ.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಉಸಿರು.

ನೂರು ಎಳೆದರೆ ತೊಂಬತ್ತು ಒಳಗೆ ಹೋಗುತ್ತೆ,
ಹತ್ತು ಬಿಸಿಯಾಗಿ ಸೋರುತ್ತೆ ಅಂದಿದ್ದ ಡೆಸ್ಮಂಡ್,
ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.
ಜನವರಿ. ಹೀಟರು ಆರಿಸಿಟ್ಟಿದ್ದೇವೆ.
ಇಳಾ ಯಾವುದೋ ಕೋಟೆ ಹತ್ತುತ್ತಿದ್ದಾಳೆ,
ಸೋರುವ ಆ ಹತ್ತಕ್ಕೆ
ಮೇಜಿನಡಿ ಪಾದ ಒಡ್ಡಿಕೊಂಡು ಕೂತಿದ್ದೇನೆ.